ಸೇವೆಗೆ ಸಂಬಳ ಕೊಡುವವರಾರು?

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಆವರಣದಲ್ಲಿ ಜರುಗಿದ ಆರೋಗ್ಯ ಗೋಷ್ಠಿಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವವೆಂದರೆ ಹಿಂದಿನವರ ಗುಣಗಾನಕ್ಕೆ ಮೀಸಲಾದ ಕಾಲ. ಅದು ನ್ಯಾಯವೂ ಹೌದು. ಈ ಬಯಲಿಗೆ ಕಾಲ್ನಡಿಗೆಯಲ್ಲಿಯೂ ಎತ್ತಿನ ಗಾಡಿಯಲ್ಲಿಯೂ ಬಂದ ಗುರುಗಳನ್ನು, ತಮ್ಮ ಹೊಲದ ಮೂಲೆಯನ್ನು ದೇವಾಲಯಕ್ಕೆ ಬಿಟ್ಟುಕೊಟ್ಟ ಹಿರಿಯರನ್ನು ಇಂದು ನೆನೆಯದೆ ಇನ್ನೆಂದು ನೆನೆದೇವು? ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನೆರವೇರಿಸಬಲ್ಲವರು ನನ್ನ ನಂತರ ಮಾತನಾಡಲಿದ್ದಾರೆ. ಸಮಿತಿಯವರು ನನಗೆ ಕೊಟ್ಟ ವಿಷಯ ಆರೋಗ್ಯ ಸೇವೆ. ಇದನ್ನು ಕುರಿತು ಹೊಗಳಿಕೆಯ ಮಾತುಗಳನ್ನು ಬದಿಗಿಟ್ಟು, ಲೆಕ್ಕದ ಪುಸ್ತಕವನ್ನು ತೆರೆಯುವ ಧೈರ್ಯವನ್ನು ಮಾಡಿರುವೆನು. ಯಾರಾದರೂ ನೊಂದುಕೊಂಡರೆ ಕ್ಷಮೆಯಿರಲಿ. ಈ ಲೆಕ್ಕದಲ್ಲಿ ಮೊದಲ ತಪ್ಪು ನನ್ನದೇ.

ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಾನಿನ್ನೂ ಕಿರಿಯ ಗುರುವಾಗಿದ್ದ ಕಾಲ. ಕಾವೇರಿ ದಂಡೆಯ ಒಂದು ಧರ್ಮಕೇಂದ್ರದಲ್ಲಿ, ಹೆಸರು ಬೇಡ, ದೇವಾಲಯದ ಪಕ್ಕದಲ್ಲಿಯೇ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಚಿಕ್ಕದೊಂದು ಔಷಧಾಲಯವಿತ್ತು. ನಾಲ್ಕು ಹಾಸಿಗೆ, ಒಂದು ಹೆರಿಗೆ ಕೋಣೆ, ಒಂದು ಸೀಮೆಎಣ್ಣೆ ಸ್ಟೌವಿನ ಮೇಲೆ ಸದಾ ಕುದಿಯುವ ಸೂಜಿಗಳ ಪಾತ್ರೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಸಿಸ್ಟರ್ ಮತ್ತು ಸಂಬಳಕ್ಕಿದ್ದ ಒಬ್ಬ ಹುಡುಗಿ. ಇನ್ನೊಬ್ಬ ನರ್ಸನ್ನು ನೇಮಿಸಿಕೊಳ್ಳಲು ಹಣ ಬೇಕೆಂದು ಸಿಸ್ಟರ್ ಮೂರು ಬಾರಿ ನನ್ನ ಬಳಿ ಬಂದರು. ಅದೇ ಸಮಯಕ್ಕೆ ದಾನಿಯೊಬ್ಬರು ಕಾಂಪೌಂಡ್ ಗೋಡೆ ಕಟ್ಟಿಸಲು ಮುಂದೆ ಬಂದರು. ದಾನಿಯ ಹಣ ಸಾಲದಾದಾಗ, ಔಷಧಾಲಯದ ಉಳಿತಾಯವನ್ನೂ ಸೇರಿಸಿ ಗೋಡೆಯನ್ನು ಪೂರ್ತಿಮಾಡಿದವನು ನಾನು. ಸಿಸ್ಟರ್ ಜಗಳವಾಡಲಿಲ್ಲ. "ಗೋಡೆ ರಾತ್ರಿ ಎದ್ದು ಸೂಜಿ ಹಾಕುವುದಿಲ್ಲ, ಫಾದರ್" ಎಂದಷ್ಟೇ ನುಡಿದು ಹೊರಟುಹೋದರು. ಎರಡು ವರ್ಷದೊಳಗೆ ಸಂಬಳದ ಹುಡುಗಿ ಹೆಚ್ಚಿನ ಸಂಬಳ ದೊರೆಯುವ ಕಡೆ ಹೋದಳು. ಹಗಲೂ ರಾತ್ರಿ ಒಬ್ಬರೇ ದುಡಿದ ಸಿಸ್ಟರ್ ಹಾಸಿಗೆ ಹಿಡಿದರು. ಔಷಧಾಲಯಕ್ಕೆ ಬೀಗ ಬಿತ್ತು. ಗೋಡೆ ಇಂದಿಗೂ ಭದ್ರವಾಗಿ ನಿಂತಿದೆ; ಅದರಲ್ಲಿ ಅಮೃತಶಿಲೆಯ ಫಲಕವೊಂದಿದ್ದು, ಅದರ ಮೇಲೆ ನನ್ನ ಹೆಸರೂ ಇದೆ.

ಬಂಧುಗಳೇ, ಕಲ್ಲಿಗೆ ಹಣ ಹುಟ್ಟುತ್ತದೆ, ಕೈಗೆ ಹುಟ್ಟುವುದಿಲ್ಲ. ಇದು ನಮ್ಮ ಧರ್ಮಸಭೆಯ ದೋಷ ಮಾತ್ರವಲ್ಲ. ಸರಕಾರವೂ ಹಾಗೆಯೇ ನಡೆದುಕೊಳ್ಳುತ್ತದೆ. 1993ರಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನೇ ತೆಗೆದುಕೊಳ್ಳಿ. ಒಬ್ಬೊಬ್ಬ ಸದಸ್ಯರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಆದರೆ ಅದು ಬಾಳಿಕೆ ಬರುವ ಆಸ್ತಿಗಳಿಗೆ ಮೀಸಲು. ಕಟ್ಟಡವಾಗಬಹುದು, ಆಂಬುಲೆನ್ಸ್ ಆಗಬಹುದು, ಅದನ್ನು ಓಡಿಸುವವನ ಸಂಬಳ ಆಗಕೂಡದು. ದಾನಿಗಳ ಮನಸ್ಸೂ ಇದೇ ಅಚ್ಚಿನದು. ಒಂದು ಕೋಣೆಗೆ, ಒಂದು ಮಂಚಕ್ಕೆ, ಗೋಡೆಯ ಗಡಿಯಾರಕ್ಕೂ ದಾನಿಯ ಹೆಸರಿರುತ್ತದೆ. ಜೂನ್ ತಿಂಗಳ ಸಂಬಳದ ಮೇಲೆ ಯಾರ ಹೆಸರನ್ನು ಕೆತ್ತಿಸೋಣ?

ಹಾಗಾದರೆ ನಮ್ಮ ಹಿಂದಿನವರು ಹೇಗೆ ನಡೆಸಿದರು ಎಂದು ತಾವು ಕೇಳಬಹುದು. ಪವಿತ್ರ ಕುರುಬರ ಸಭೆಯ ಕನ್ಯಾಸ್ತ್ರೀಯರು 1854ರಲ್ಲಿ ಫ್ರಾನ್ಸಿನಿಂದ ಬೆಂಗಳೂರಿಗೆ ಬಂದು, 1886ರಲ್ಲಿ ಸಂತ ಮಾರ್ತಳ ಆಸ್ಪತ್ರೆಯನ್ನು ತೆರೆದರು. ತಾರ್ಬ್ ಪಟ್ಟಣದ ಸಂತ ಜೋಸೆಫರ ಸಹೋದರಿಯರು 1882ರಲ್ಲಿ ಬಂದರು. ನಮ್ಮ ಪ್ರಾಟೆಸ್ಟಂಟ್ ಸಹೋದರರು ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿದರು. ಮಿಷನ್ ಆಸ್ಪತ್ರೆ ಎಂದರೆ ನಮ್ಮ ಅಜ್ಜಿಯರ ಬಾಯಲ್ಲಿ ಅದೊಂದೇ. ಇವರೆಲ್ಲರ ಸಾಹಸ ದೊಡ್ಡದು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಬಹು ಕಾಲದವರೆಗೆ ಕಥೋಲಿಕ ಕನ್ಯಾಸ್ತ್ರೀಯರು ವೈದ್ಯವೃತ್ತಿಯನ್ನು ನಡೆಸಲು, ವಿಶೇಷವಾಗಿ ಹೆರಿಗೆ ಮಾಡಿಸಲು, ಧರ್ಮಸಭೆಯ ನಿಯಮವೇ ಅಡ್ಡಿಯಾಗಿತ್ತು. ಪರದೆಯ ಹಿಂದಿನ ಹೆಂಗಸರು ಪುರುಷ ವೈದ್ಯರ ಮುಂದೆ ಬರುತ್ತಿರಲಿಲ್ಲ. ಸಹಾಯ ಮಾಡಬಲ್ಲ ಸ್ತ್ರೀಯರಿಗೆ ಅನುಮತಿ ಇರಲಿಲ್ಲ. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಈ ನಿಯಮದ ಬದಲಾವಣೆಗಾಗಿ ಮುಪ್ಪಿನಲ್ಲಿಯೂ ರೋಮಿಗೆ ಹೋಗಿ ಬೇಡಿಕೊಂಡರು. ಅವರಿಂದ ಪ್ರೇರಿತರಾದ ಆನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಸಹೋದರಿಯರ ಸಂಘವನ್ನು ಕಟ್ಟಿದರು. ಕಟ್ಟಕಡೆಗೆ 1936ರ ಫೆಬ್ರವರಿ 11ರಂದು ರೋಮಿನಿಂದ ಅನುಮತಿಯ ಆದೇಶ ಹೊರಟಿತು. ಅದಕ್ಕೂ ಮೊದಲೇ, ವಿಶೇಷ ಅನುಮತಿ ಪಡೆದು 1920ರಲ್ಲಿ ಆಸ್ಟ್ರೇಲಿಯದಿಂದ ಗುಂಟೂರಿಗೆ ಬಂದಿದ್ದ ಡಾಕ್ಟರ್ ಸಿಸ್ಟರ್ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅವರು ದೇವರ ಪಾದವನ್ನು ಸೇರಿದರು. ಅವರು ಕನಸು ಕಂಡ ವೈದ್ಯಕೀಯ ಕಾಲೇಜು ಸಂತ ಜಾನರ ಹೆಸರಿನಲ್ಲಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಅನುಮತಿ ಬಂದಿತು, ಸಹೋದರಿಯರು ಬಂದರು, ಸುಮಾರು ಐವತ್ತು ವರ್ಷಗಳ ಕಾಲ ಹಳ್ಳಿಹಳ್ಳಿಗಳಲ್ಲಿ ಔಷಧಾಲಯಗಳು ಬೆಳಗಿದವು. ಆದರೆ ಲೆಕ್ಕದ ಪುಸ್ತಕವನ್ನು ನೋಡಿದರೆ ಅಲ್ಲಿ ಮಾತ್ರೆಗೆ ಇಷ್ಟು, ಬ್ಯಾಂಡೇಜು ಬಟ್ಟೆಗೆ ಇಷ್ಟು, ಸೀಮೆಎಣ್ಣೆಗೆ ಇಷ್ಟು ಎಂದು ಬರೆದಿದೆ. ಸಿಸ್ಟರ ಹೆಸರಿನ ಮುಂದೆ ಏನೂ ಬರೆದಿಲ್ಲ. ಮೂವತ್ತು ವರ್ಷ ರಾತ್ರಿ ನಿದ್ದೆಗೆಟ್ಟ ದುಡಿಮೆಗೆ ಬೆಲೆಯ ಅಂಕಣವೇ ಇರಲಿಲ್ಲ. ಅದು ಅವರ ತ್ಯಾಗ, ನಿಜ. ಆ ತ್ಯಾಗದ ನೆರಳಿನಲ್ಲಿ ನಾವು ಸಂಬಳವೆಂಬ ಖರ್ಚನ್ನು ಬರೆಯುವುದನ್ನೇ ಕಲಿಯಲಿಲ್ಲ. ಇಂದು ಮಠಗಳಿಗೆ ಸೇರುವ ಹೆಣ್ಣುಮಕ್ಕಳು ಕಡಿಮೆಯಾಗಿದ್ದಾರೆ, ಇರುವ ಸಹೋದರಿಯರಿಗೆ ವಯಸ್ಸಾಗಿದೆ. ಅವರ ಸ್ಥಾನಕ್ಕೆ ಒಬ್ಬ ನರ್ಸನ್ನು ತರಬೇಕೆಂದಾಗ ಮಾತ್ರ ನಮಗೆ ತಿಳಿಯುತ್ತದೆ, ಇಷ್ಟು ದಿನ ನಮ್ಮ ಧರ್ಮಕಾರ್ಯದ ಅತಿ ದೊಡ್ಡ ದಾನಿ ಯಾರಾಗಿದ್ದರೆಂದು.

ಹೊರಗಿನ ಹಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನನ್ನ ಬಾಲ್ಯದಲ್ಲಿ ಅಮೆರಿಕದ ಹಾಲಿನ ಪುಡಿ, ಗೋಧಿನುಚ್ಚು ಬರುತ್ತಿದ್ದವು. ಜರ್ಮನಿಯ ಕಥೋಲಿಕರು 1958ರಲ್ಲಿ ಆರಂಭಿಸಿದ ಮಿಸೆರಿಯೊರ್ ನಿಧಿಯಂತಹವು ತಪಸ್ಸುಕಾಲದ ಕಾಣಿಕೆಯನ್ನು ನಮ್ಮಂತಹ ದೇಶಗಳಿಗೆ ಕಳುಹಿಸಿದವು. 1976ರಲ್ಲಿ ವಿದೇಶಿ ವಂತಿಗೆಯ ಕಾನೂನು ಬಂದಿತು, 2010ರಲ್ಲಿ ಹೊಸದಾಯಿತು, 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಗಳ ಮೂಲಕ ಹನಿಹನಿಯಾಗಿ ತಲಪುತ್ತಿದ್ದ ಹಣ ಹಳ್ಳಿಯ ಚಿಕ್ಕ ಔಷಧಾಲಯಗಳಿಗೆ ಬತ್ತಿತು. ಇದರ ಮೇಲೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿಯಾಗಬೇಕು, ಅರ್ಹ ಸಿಬ್ಬಂದಿ ಇರಬೇಕು. ಈ ಕಾನೂನನ್ನು ನಾನು ದೂರುವುದಿಲ್ಲ. ಬಡವನಿಗೂ ಅರ್ಹ ವೈದ್ಯರೇ ಬೇಕು. ಬರಿಯ ಒಳ್ಳೆಯ ಮನಸ್ಸು ಸಾಕೆಂಬುದು ರೋಗಿಯ ಪಕ್ಷದ ಮಾತಲ್ಲ.

ಇನ್ನು ಸರಕಾರದ ಕಡೆಗೆ ಬರೋಣ. 1946ರಲ್ಲಿ ಭೋರ್ ಸಮಿತಿ ದೇಶದ ಪ್ರತಿಯೊಂದು ಹಳ್ಳಿಗೂ ಆರೋಗ್ಯ ಸೇವೆ ಸಮೀಪದಲ್ಲಿರಬೇಕೆಂದು ಹೇಳಿತು. ಇಂದಿನ ಮಾನದಂಡದ ಪ್ರಕಾರ ಬಯಲುಸೀಮೆಯ 30,000 ಜನರಿಗೆ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ, ಅಲ್ಲಿ ಶಸ್ತ್ರಚಿಕಿತ್ಸೆಗೆ, ಹೆರಿಗೆಗೆ, ಮಕ್ಕಳಿಗೆ, ಸಾಮಾನ್ಯ ರೋಗಗಳಿಗೆ ಬೇರೆ ಬೇರೆ ತಜ್ಞರು. ಕಾಗದದ ಮೇಲೆ ಇದು ಪರಿಪೂರ್ಣ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ, ಹೊಗೆಸೊಪ್ಪಿನ ಕೆಲಸಕ್ಕೆ ಬಂದಿದ್ದ ಕೂಲಿಯವನೊಬ್ಬನನ್ನು ಹಾವು ಕಚ್ಚಿತು. ನಾನೇ ಜೊತೆಯಲ್ಲಿ ಹೋದೆನು. ನಾವು ತಲಪಿದ ಆಸ್ಪತ್ರೆಯಲ್ಲಿ ಕಟ್ಟಡ ಹೊಸದು, ದೀಪಗಳು ಪ್ರಕಾಶಮಾನವಾಗಿದ್ದವು, ವೈದ್ಯರು ಮಾತ್ರ ಒಬ್ಬರೇ. ಆ ಯುವಕ ಒಂದು ಹೆರಿಗೆಯನ್ನು ಮುಗಿಸಿ, ಕೈ ತೊಳೆದು, ನಮ್ಮವನ ಬಳಿಗೆ ಓಡಿಬಂದರು. ಹಿಂದಿನ ದಿನ ಬೆಳಗಿನಿಂದ ಮನೆಗೆ ಹೋಗಿರಲಿಲ್ಲವಂತೆ. ರೋಗಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹೋಗಿ ಬದುಕಿಕೊಂಡನು. ನನಗೆ ಇಂದಿಗೂ ನೆನಪಿರುವುದು ಆ ವೈದ್ಯರ ಕೆಂಪಾದ ಕಣ್ಣುಗಳು. ನಮ್ಮ ಜನ ಕೋಪಬಂದಾಗ ಬೈಯುವುದು, ಕೆಲವೊಮ್ಮೆ ಕೈಮಾಡುವುದು, ಇರುವ ಆ ಒಬ್ಬರ ಮೇಲೆಯೇ. ಬಾರದಿರುವ ಮೂವರು ನಮ್ಮ ಕೈಗೆ ಸಿಗುವುದಿಲ್ಲವಲ್ಲ!

2012ರಲ್ಲಿ ರಾಜ್ಯವು ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನನ್ನು ಮಾಡಿತು. ಸಂತ ಜಾನರ ಕಾಲೇಜಿನವರು ಅದಕ್ಕೂ ಎಷ್ಟೋ ಮೊದಲೇ ತಮ್ಮ ಪದವೀಧರರನ್ನು ಹಳ್ಳಿಯ ಆಸ್ಪತ್ರೆಗಳಿಗೆ ಕಳುಹಿಸುವ ಕರಾರನ್ನು ಮಾಡಿಕೊಂಡಿದ್ದರು. ಒಳ್ಳೆಯದೇ. ಆದರೆ ಒಂದು ವರ್ಷದಲ್ಲಿ ವೈದ್ಯರಿಗೆ ಊರಿನ ದಾರಿಗಳು ಪರಿಚಯವಾಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ನಿಲ್ಲುವವರನ್ನು ಕಾನೂನು ತರಲಾರದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸ್ಥಾಪಿಸಿ, ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಗಿ, ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ನಡೆಸಿದರು. ನಮ್ಮ ಧರ್ಮದವರಲ್ಲದ ಆ ಹುಡುಗರು ಜೇನುಕುರುಬರ ಹಾಡಿಗಳಲ್ಲಿ ಮಾಡಿದ ಕೆಲಸವನ್ನು ನೋಡಿ, ಆಗ ಸೆಮಿನರಿಯಿಂದ ಹೊರಬರುತ್ತಿದ್ದ ನಮ್ಮಂತಹವರು ತುಸು ನಾಚಿದ್ದುಂಟು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರಕಾರವು 1996ರಲ್ಲಿ ಡಾಕ್ಟರ್ ಸುದರ್ಶನರ ಕರುಣಾ ಟ್ರಸ್ಟಿಗೆ ಒಪ್ಪಿಸಿದ್ದು ಇನ್ನೊಂದು ಬಗೆಯ ಪ್ರಯೋಗ.

ಹಣವನ್ನೇ ಕೇಳುವಿರಾದರೆ, 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರೊಳಗೆ ಸರಕಾರಗಳ ಆರೋಗ್ಯ ವೆಚ್ಚವನ್ನು ದೇಶದ ಉತ್ಪನ್ನದ ಶೇಕಡ 2.5ಕ್ಕೆ ಏರಿಸುವೆವೆಂದಿತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು ಶೇಕಡ 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡ 39.4 ಭಾಗವನ್ನು ಜನರು ತಮ್ಮ ಜೇಬಿನಿಂದಲೇ ಕೊಟ್ಟಿದ್ದರು. ಜೇಬು ಎಂದರೆ ನಮ್ಮಲ್ಲಿ ಹಸು, ಓಲೆ, ಮುಂದಿನ ವರ್ಷದ ಹೊಗೆಸೊಪ್ಪಿನ ಮೇಲಿನ ಸಾಲ. ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿಗೆ ಶಸ್ತ್ರಚಿಕಿತ್ಸೆಯ ಭದ್ರತೆ ನೀಡಿತು. 2018ರಲ್ಲಿ ಇನ್ನೊಂದು ಯೋಜನೆಯಲ್ಲಿ ವಿಲೀನವಾಗಿ ಈಚೆಗೆ ಮತ್ತೆ ಜೀವ ಪಡೆದಿದೆ. ಇಂತಹ ಯೋಜನೆಗಳು ಆಪರೇಷನ್ನಿನ ಖರ್ಚನ್ನು ಭರಿಸುತ್ತವೆ. ಆಪರೇಷನ್ನಾದ ಮೇಲೆ ಮನೆಗೆ ಬಂದ ಮುದುಕಿಯ ಗಾಯವನ್ನು ಒರಸುವವರ ಖರ್ಚನ್ನು ಯಾರೂ ಭರಿಸುವುದಿಲ್ಲ.

ಈಗ ಮುಂದಿನ ಸಾಲಿನಲ್ಲಿ ಕುಳಿತಿರುವ ಸಹೋದರಿಯರ ಮಾತು. ಅಂಗನವಾಡಿ ಯೋಜನೆ ದೇಶದ 33 ಕಡೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ, ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ಜಿಲ್ಲೆಯದೇ ಆದ ತಿರುಮಕೂಡಲು ನರಸೀಪುರ. ಆ ಕಾರ್ಯಕರ್ತೆಯರಿಗೆ ಗ್ರಾಚ್ಯುಯಿಟಿಯ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2022ರ ಏಪ್ರಿಲಿನಲ್ಲಿ. ನಡುವಿನ ವರ್ಷಗಳನ್ನು ತಾವೇ ಎಣಿಸಿಕೊಳ್ಳಿ. ಆಶಾ ಯೋಜನೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದಿತು. ಸುಮಾರು ಸಾವಿರ ಜನಕ್ಕೆ ಒಬ್ಬರು. ಕೊರೋನಾ ಕಾಲದಲ್ಲಿ ನಾವೆಲ್ಲ ಬಾಗಿಲು ಮುಚ್ಚಿಕೊಂಡಾಗ ಬಾಗಿಲು ತಟ್ಟಿದವರು ಇವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಜಾಗತಿಕ ನಾಯಕರೆಂದು ಸನ್ಮಾನಿಸಿತು. ಅದೇ ಆಶಾ ತಾಯಂದಿರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಗಳನ್ನು ಕಳೆದು, ತಿಂಗಳಿಗೆ 10,000 ರೂಪಾಯಿಯ ಭರವಸೆಯನ್ನು ಪಡೆಯಬೇಕಾಯಿತು. ಇವರಿಗೆ ಕೊಡುವುದನ್ನು ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತಾರೆ. ಸಿಸ್ಟರಿಗೆ ನಾವು ಸೇವೆ ಎಂದೆವು, ಆಶಾ ಕಾರ್ಯಕರ್ತೆಗೆ ಸರಕಾರ ಗೌರವ ಎಂದಿತು. ಹೆಂಗಸಿನ ದುಡಿಮೆಗೆ ಚೆಂದದ ಹೆಸರಿಡುವುದರಲ್ಲಿ ದೇವಾಲಯಕ್ಕೂ ವಿಧಾನಸೌಧಕ್ಕೂ ಅಷ್ಟೇನೂ ವ್ಯತ್ಯಾಸ ಕಾಣದು.

ನರ್ಸಿಂಗ್ ಓದಿದ ನಮ್ಮ ಹೆಣ್ಣುಮಕ್ಕಳು ಊರಿನಲ್ಲಿ ನಿಲ್ಲುವುದಿಲ್ಲ ಎಂಬ ದೂರನ್ನು ಬಹಳ ಕೇಳುತ್ತೇನೆ. ಮೈಸೂರು, ಬೆಂಗಳೂರು, ಆಮೇಲೆ ಕೊಲ್ಲಿ ರಾಷ್ಟ್ರ, ಬ್ರಿಟನ್, ಐರ್ಲೆಂಡ್. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ನರ್ಸುಗಳ ಕೊರತೆಯಿಂದ ನಮ್ಮ ದೇಶದ ಕಡೆಗೆ ಕೈಚಾಚುತ್ತದೆ. ಬಡ ದೇಶಗಳನ್ನು ಬರಿದುಮಾಡಿ ಸಿಬ್ಬಂದಿಯನ್ನು ಸೆಳೆದುಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಂಹಿತೆಯನ್ನೇ ಒಪ್ಪಿಕೊಂಡಿದೆ. ಆದರೆ ಓದಿಗೆಂದು ಮಾಡಿದ ಬ್ಯಾಂಕಿನ ಸಾಲವನ್ನು ತೀರಿಸಬೇಕಾದ ಹುಡುಗಿಗೆ ಸಂಹಿತೆಯನ್ನು ಓದಿ ಹೇಳುವ ಮುಖ ನನಗಿಲ್ಲ.

ಆಟದ ಮಾತೂ ಇದಕ್ಕೆ ಸೇರಿದ್ದೇ. ಮೈದಾನಕ್ಕೆ ಬೇಲಿ ಬರುತ್ತದೆ, ಜಿಮ್ಮಿನ ಕಬ್ಬಿಣ ಬರುತ್ತದೆ. ಮಕ್ಕಳಿಗೆ ಆಡಿಸುವ ದೈಹಿಕ ಶಿಕ್ಷಣ ಶಿಕ್ಷಕರು ಎಷ್ಟು ಶಾಲೆಗಳಲ್ಲಿದ್ದಾರೆ? 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಪುರುಷರ ತಂಡದಲ್ಲಿ ಆಡಿದ ಕರ್ನಾಟಕದ ಗೌತಮ್ ಮತ್ತು ಅವಳು, ರಾಜ್ಯ ಸರಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು, ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದರ ಮುಂದೆ ಏನೇನೂ ಅಲ್ಲವೆಂದು ಒಪ್ಪಲಿಲ್ಲ. ಸೊಕ್ಕೆಂದರು ಕೆಲವರು. ನನಗೆ ಹಾಗೆ ಕಾಣಲಿಲ್ಲ. ತನ್ನ ಬೆವರಿಗೆ ಬೆಲೆಯಿದೆಯೆಂದು ಹಳ್ಳಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಹೇಳಿದ್ದನ್ನು ಕೇಳಿ ಆ ಹಳೆಯ ಸಿಸ್ಟರ ನೆನಪಾಯಿತು.

ನಮ್ಮ ಊರಿನ ಮುಜುಗರದ ಮಾತೊಂದಿದೆ. ಅದನ್ನು ನುಂಗಿಕೊಂಡು ಹೋದರೆ ತಪ್ಪಾಗುತ್ತದೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಕಂಪಲಾಪುರದಲ್ಲಿದೆ. ಕರ್ನಾಟಕದಲ್ಲಿ ಹರಾಜು ಪದ್ಧತಿ 1984ರಲ್ಲಿ ಬಂದ ಮೇಲೆ ಈ ಸೀಮೆಯ ಮನೆಗಳಿಗೆ ಹೆಂಚು, ಮಕ್ಕಳಿಗೆ ಕಾಲೇಜು ಬಂದದ್ದು ಹೊಗೆಸೊಪ್ಪಿನಿಂದ. ಈ ದೇವಾಲಯದ ಗೋಡೆಯಲ್ಲಿಯೂ ಅದರ ಹಣವಿದೆ. ತಂಬಾಕನ್ನು ಹತೋಟಿಗೆ ತರುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲಿಯೇ ಸಮ್ಮತಿ ಕೊಟ್ಟಿದೆ. ಸಿಗರೇಟಿನ ಮೇಲಿನ ತೆರಿಗೆಯೂ ಸರಕಾರಕ್ಕೆ ಬೇಕು. ಹಸಿ ಎಲೆ ಮುರಿಯುವವರಿಗೆ ಮಂಜು ಬಿದ್ದ ಬೆಳಿಗ್ಗೆ ತಲೆಸುತ್ತು, ವಾಂತಿ ಬರುವುದು ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುವುದರಿಂದ. ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಸೌದೆ ಒಡ್ಡುವವನ ಎದೆಗೆ ಹೊಗೆ ಹೋಗುತ್ತದೆ. ರೈತನನ್ನು ಪಾಪಿಯೆಂದು ಕರೆಯಲು ನಾನು ಇಲ್ಲಿ ನಿಂತಿಲ್ಲ. ಬೇರೆ ಬೆಳೆಗೆ ಇಷ್ಟೇ ಖಚಿತವಾದ ಬೆಲೆಯನ್ನು ಯಾರೂ ಅವನ ಕೈಗೆ ಇಟ್ಟಿಲ್ಲ. ಆದರೆ ಎಲೆಯ ತೂಕಕ್ಕೆ, ಬಣ್ಣಕ್ಕೆ, ದರ್ಜೆಗೆ ಇಷ್ಟು ಜನ ತಜ್ಞರು ಸೇರುವ ಊರಿನಲ್ಲಿ ಆ ಎಲೆ ಮುರಿದವಳ ರಕ್ತದೊತ್ತಡವನ್ನು ನೋಡಲು ಒಬ್ಬರು ಬೇಡವೆ?

ನಾನು ಕೇಳುತ್ತಿರುವುದು ಆ ಒಬ್ಬರನ್ನು. ಆಸ್ಪತ್ರೆಯನ್ನಲ್ಲ, ಅದು ಸರಕಾರದ ಕರ್ತವ್ಯ, ಅದನ್ನು ಕೇಳಿ ಪಡೆಯೋಣ. ಬಾವಲಿಯ ಗಡಿ ದಾಟಿದರೆ ಸಿಗುವ ಕೇರಳದಲ್ಲಿ, 1993ರಲ್ಲಿ ಕೋಳಿಕ್ಕೋಡಿನಲ್ಲಿ ಮೊಳೆತ ಉಪಶಮನ ಚಿಕಿತ್ಸೆಯ ಕೆಲಸ ಊರೂರಿಗೆ ಹಬ್ಬಿತು. ಆಟೋ ಓಡಿಸುವವರು, ಅಂಗಡಿಯವರು, ಶಾಲಾ ಮಕ್ಕಳು ಕೊಟ್ಟ ಚಿಲ್ಲರೆ ಕಾಸಿನಿಂದ ನರ್ಸುಗಳು ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾರೆ. 2008ರಲ್ಲಿ ಅಲ್ಲಿನ ಸರಕಾರವೇ ಅದಕ್ಕೊಂದು ನೀತಿಯನ್ನು ರೂಪಿಸಿತು. ಮೊದಲು ಊರು ನಡೆಯಿತು, ಸರಕಾರ ಹಿಂದೆ ಬಂದಿತು.

ಲೆಕ್ಕ ಹೀಗಿದೆ. ಒಬ್ಬ ಅರ್ಹ ನರ್ಸಿಗೆ ತಿಂಗಳಿಗೆ 20,000 ರೂಪಾಯಿಯಾದರೂ ಕೊಡದಿದ್ದರೆ ಕರೆಯುವುದೇ ಅನ್ಯಾಯ. ವರ್ಷಕ್ಕೆ 2,40,000 ರೂಪಾಯಿ. ಇದನ್ನು ಶೇಕಡ 7ರ ಬಡ್ಡಿಯಿಂದಲೇ ಪಡೆಯಬೇಕಾದರೆ 34 ಲಕ್ಷಕ್ಕೂ ಹೆಚ್ಚಿನ ಠೇವಣಿ ಬೇಕು. ಬೆಲೆಗಳು ಏರಿದಂತೆ ಅದೂ ಸಾಲದು. ಬೇರೆ ದಾರಿಯೆಂದರೆ, 400 ಮನೆಗಳು ತಿಂಗಳಿಗೆ 50 ರೂಪಾಯಿ ಕೊಡುವುದು. ಕ್ರೈಸ್ತರ ಮನೆಗಳಷ್ಟೇ ಆದರೆ ಸಾಲುವುದಿಲ್ಲ, ಆಗಲೂಬಾರದು. ರಕ್ತದೊತ್ತಡ ಜಾತಿಯನ್ನು ಕೇಳಿ ಬರುವುದಿಲ್ಲ. ಆಕೆ ಔಷಧಿ ಬರೆಯುವವರಲ್ಲ. ವೈದ್ಯರು ಬರೆದುಕೊಟ್ಟದ್ದನ್ನು ಸರಿಯಾಗಿ ತೆಗೆದುಕೊಳ್ಳುವಂತೆ ನೋಡುವವರು, ಗಾಯ ಕಟ್ಟುವವರು, ಆಶಾ ಕಾರ್ಯಕರ್ತೆಯರ ಜೊತೆಗೂಡಿ ಮಕ್ಕಳು ಬೆಂಗಳೂರು ಸೇರಿದ ಮನೆಗಳ ಮುದುಕರನ್ನು ವಿಚಾರಿಸುವವರು.

ಶತಮಾನೋತ್ಸವದ ಮಹಾದ್ವಾರದ ನಕ್ಷೆಯನ್ನೂ ಅಂದಾಜುಪಟ್ಟಿಯನ್ನೂ ತಾವೆಲ್ಲರೂ ನೋಡಿರುವಿರಿ. ನಕ್ಷೆ ಸುಂದರವಾಗಿದೆ. ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿವೆ ಎಂಬುದನ್ನು ಮುಚ್ಚಿಡುವುದಿಲ್ಲ. ನೂರು ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಕಣ್ಣಿಗೆ ಕಾಣುವ ಗುರುತೊಂದು ಬೇಡವೇ ಎಂದು ಕೇಳುವ ಹಿರಿಯರು ದುರಾಸೆಯವರಲ್ಲ. ಅವರ ತಂದೆಯವರು ತಲೆಯ ಮೇಲೆ ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದವರು. ಬರುವ ಭಾನುವಾರ ಬಲಿಪೂಜೆಯ ನಂತರ ಸಭೆ ಸೇರಿ ತೀರ್ಮಾನಿಸೋಣ. ನನ್ನ ಮತ ಯಾವ ಕಡೆಗೆಂದು ತಿಳಿದಿದೆ. ಅದು ಒಂದೇ ಮತ.

ತಿಂಗಳ ವಂತಿಗೆಯ ಪಟ್ಟಿಯನ್ನು ಗುರುನಿವಾಸದ ಜಗಲಿಯ ಮೇಜಿನ ಮೇಲೆ ಇಡಿಸಿರುವೆನು. ಮೊದಲನೆಯ ಸಾಲಿನಲ್ಲಿ ನನ್ನ ಹೆಸರಿದೆ. ಅದರ ಮುಂದಿನ ಮೊತ್ತ 50 ರೂಪಾಯಿಗಿಂತ ತುಸು ಹೆಚ್ಚಾಗಿ ಕಂಡರೆ ದಾನವೆಂದು ತಿಳಿಯಬೇಡಿ. ಅದು ಹಳೆಯದೊಂದು ಗೋಡೆಯ ಬಾಕಿ.